ಮಂಚಾಲೆಯ ತಾಯಿಯ ಅಪ್ಪಣೆ

ದೀಪಾವಳಿಯಂದು ಭಗವಾನ್ ಮಹಾವೀರರ ನಿರ್ವಾಣ ಪೂಜೆ ಮುಗಿಸಿ, ಹೊಸ ಖಾತೆ ಪುಸ್ತಕಗಳಿಗೆ ಕುಂಕುಮವಿಟ್ಟು, ಚಾತುರ್ಮಾಸವೂ ಮುಗಿದ ಮೇಲೆ ನಮ್ಮಂಥ ವರ್ತಕರ ಮನೆಗಳಲ್ಲಿ ಯಾತ್ರೆಯ ಮಾತು ಏಳುವುದು ರೂಢಿ. ನಮ್ಮ ಮನೆಯಲ್ಲಿಯೂ ಎದ್ದಿತು. ಬಳ್ಳಾರಿಯಿಂದ ಹೊರಟು ಆದವಾನಿಯ ಬಳಿಯ ಪೆದ್ದ ತುಂಬಳದಲ್ಲಿ ಪಾರ್ಶ್ವನಾಥ ಸ್ವಾಮಿಯ ದರ್ಶನ ಮಾಡಿ ಸಂಜೆಯೊಳಗೆ ಹಿಂದಿರುಗುವುದೆಂದು ನಿಶ್ಚಯಿಸಿದೆವು. ಸೊಸೆ ಮಾತ್ರ, "ಅಲ್ಲಿವರೆಗೆ ಹೋಗಿ ಮಂತ್ರಾಲಯ ನೋಡದೆ ಬರೋದಾ ಮಾವಾ? ಮಕ್ಕಳೂ ನೋಡಿಲ್ಲ" ಎಂದಳು. ಹೀಗೆ ಒಂದು ದಿನದ ಪ್ರಯಾಣ ಎರಡು ದಿನದ್ದಾಯಿತು.

ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಒಂದು ಬಿಸಿ ಚರ್ಚೆ ನಡೆದಿತ್ತು. ಅದನ್ನು ಹೇಳದೆ ಈ ಪ್ರವಾಸದ ಕಥೆ ಪೂರ್ತಿಯಾಗದು. ನಮ್ಮ ಅಂಗಡಿಯ ಪಕ್ಕದ ಮಳಿಗೆಯನ್ನು ಈ ವರ್ಷ ನಾವು ಖರೀದಿ ಮಾಡಿದೆವು. ಅದರ ಮುಂದಿನ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂಡುತ್ತಾಳೆ. ನಾವು ಹುಡುಗರಾಗಿದ್ದಾಗ ಅಲ್ಲಿ ಆಕೆಯ ಅತ್ತೆ ಕೂಡುತ್ತಿದ್ದಳು. ಎರಡೂ ಮಳಿಗೆ ಒಂದು ಮಾಡಿ ಮುಂದೆ ಗಾಜಿನ ಶೋಕೇಸು ಹಾಕಿಸಬೇಕೆಂಬುದು ಮಗನ ಆಸೆ. ಅದಕ್ಕೆ ಕಟ್ಟೆ ಒಡೆಯಬೇಕು. "ಅಪ್ಪಾಜಿ, ಕ್ರಯಪತ್ರದಲ್ಲಿ ಕಟ್ಟೆಯೂ ಸೇರಿದೆ. ನಾವು ಯಾರ ಹಕ್ಕನ್ನೂ ಕಸಿಯುತ್ತಿಲ್ಲ" ಎಂಬುದು ಅವನ ವಾದ. "ಕಾಗದದಾಗ ಆಕಿ ಹೆಸರು ಇಲ್ಲ ಅಂದಮಾತ್ರಕ್ಕ ಆಕಿ ಅಲ್ಲಿ ಇಲ್ಲೇನು?" ಎಂದು ನಮ್ಮ ತಾಯಿಯವರು ಕೇಳಿದರು. ನಾವು ಯಾವ ಪಕ್ಷವನ್ನೂ ಹಿಡಿಯಲಾರದೆ, ಯಾತ್ರೆ ಮುಗಿಸಿ ಬಂದು ನೋಡೋಣವೆಂದು ಮಾತು ಮುಗಿಸಿದೆವು.

ಬೆಳಗಿನ ಜಾವ ಗಾಡಿ ಹೊರಟಿತು. ಸೋಸಿದ ನೀರಿನ ಕ್ಯಾನು, ಚಪಾತಿ, ಕಡಲೆ ಚಟ್ನಿಪುಡಿ, ಸೂರ್ಯಾಸ್ತದ ಮೊದಲು ಮುಗಿಸಬೇಕಾದ ಊಟದ ಡಬ್ಬಿಗಳು, ಎಲ್ಲವೂ ತಾಯಿಯವರ ಉಸ್ತುವಾರಿಯಲ್ಲಿ. ಹಗರಿ ಹೊಳೆ ದಾಟಿ ಆಲೂರಿನ ದಾರಿ ಹಿಡಿದರೆ ಎರಡೂ ಕಡೆ ಎರೆಭೂಮಿ, ಕಣ್ಣು ಹಾಯಿಸಿದಷ್ಟು ದೂರ ಹತ್ತಿ. ಬೋರ್ಡುಗಳೆಲ್ಲ ತೆಲುಗಿನಲ್ಲಿದ್ದರೂ ಚಹದಂಗಡಿಯ ಮಾತು ಕನ್ನಡವೇ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ನಮ್ಮ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ಅಂದು ಆಂಧ್ರ ರಾಜ್ಯ ಹುಟ್ಟಿದಾಗ ಈ ಮೂರು ಅತ್ತ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಗಡಿರೇಖೆ ಬದಲಾದರೂ ಬೀಗತನ, ಉದ್ರಿ ಲೆಕ್ಕ, ಹತ್ತಿಯ ವ್ಯಾಪಾರ ಬದಲಾಗಲಿಲ್ಲ. 2022ರಲ್ಲಿ ಕರ್ನೂಲು ಜಿಲ್ಲೆಯನ್ನು ವಿಭಾಗಿಸಿ ನಂದ್ಯಾಲ ಜಿಲ್ಲೆ ಮಾಡಿದ ಮೇಲೂ ಆದವಾನಿ ಮತ್ತು ಮಂತ್ರಾಲಯ ಕರ್ನೂಲಿನಲ್ಲಿಯೇ ಉಳಿದಿವೆ.

ಆದವಾನಿಯೆಂದರೆ ನಮ್ಮ ಹಿರಿಯರಿಗೆ ಹತ್ತಿ, ಶೇಂಗಾ, ಜಿನ್ನಿಂಗ್ ಕಾರ್ಖಾನೆ, ಎಣ್ಣೆ ಮಿಲ್ಲು. ಊರ ಹಿಂದಿನ ಬಂಡೆಗುಡ್ಡಗಳ ಮೇಲೆ ವಿಜಯನಗರದ ಅರಸರು ಬಲಪಡಿಸಿದ ಕೋಟೆ ಇದೆ. 1565ರ ರಕ್ಕಸತಂಗಡಿ ಯುದ್ಧದ ನಂತರ ಅದು ಬಿಜಾಪುರದ ಆದಿಲ್‌ಶಾಹಿಗಳ ಕೈಸೇರಿತು. ಮುಂದೆ ಮೊಗಲರು, ನಿಜಾಮರು. 1786ರಲ್ಲಿ ಟಿಪ್ಪು ಸುಲ್ತಾನನ ಮುತ್ತಿಗೆ. 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಸೀಮೆಗಳೊಂದಿಗೆ ಇಂಗ್ಲಿಷರಿಗೆ ಹೋಯಿತು. ಊರಲ್ಲಿ ಮಹಾಯೋಗಿ ಲಕ್ಷ್ಮಮ್ಮ ಅವ್ವನ ಗುಡಿ ಪ್ರಸಿದ್ಧ. ಲೋಕದ ಹಂಗು ತೊರೆದು, ಮೈಮೇಲಿನ ಬಟ್ಟೆಯ ಪರಿವೆಯೂ ಇಲ್ಲದೆ ಬೀದಿಬೀದಿ ತಿರುಗಿದ ಅವಧೂತೆ ಆಕೆ. ಮೊದಲು ಹುಚ್ಚಿಯೆಂದ ಊರೇ ಕಡೆಗೆ ತಾಯಿಯೆಂದು ಪೂಜಿಸಿತು; ಇಂದಿಗೂ ವರ್ಷಕ್ಕೊಮ್ಮೆ ತೇರು ಎಳೆಯುತ್ತಾರೆ. ದಿಗಂಬರ ಮುನಿಗಳ ವಿಹಾರವನ್ನು ನೋಡಿ ಬೆಳೆದ ನಮಗೆ ಆ ಕಥೆ ಅಪರಿಚಿತವೆನಿಸಲಿಲ್ಲ. ಏನನ್ನೂ ಇಟ್ಟುಕೊಳ್ಳದವರ ಮುಂದೆ, ಎಲ್ಲವನ್ನೂ ತೂಗಿ ಇಟ್ಟುಕೊಳ್ಳುವ ಪೇಟೆ ಕೈಮುಗಿಯುತ್ತದೆ.

ಅಲ್ಲಿಂದ ಮಂತ್ರಾಲಯದ ಕಡೆಗೆ ಹೋಗುವ ದಾರಿಯಲ್ಲಿ ಪೆದ್ದ ತುಂಬಳ. ಕನ್ನಡದ ಬಾಯಲ್ಲಿ ದೊಡ್ಡ ತುಂಬಳ. ಚಾಲುಕ್ಯರ ಕಾಲದ ಹಳೆಯ ದೇಗುಲಗಳಿರುವ ಊರು. ನೆಲದಲ್ಲಿ ದೊರೆತ ಪಾರ್ಶ್ವನಾಥ ಮೂರ್ತಿಯ ನಿಮಿತ್ತದಿಂದ ಇಲ್ಲಿ ಪಾರ್ಶ್ವಮಣಿ ತೀರ್ಥ ಬೆಳೆದು, ದೂರದೂರದ ಶ್ರಾವಕರು ಬರುವಂತಾಗಿದೆ. ಇದೇ ಸೀಮೆಯ ಇನ್ನೊಂದು ಮೂಲೆಯಲ್ಲಿ, ಗುಂತಕಲ್ಲಿನ ಹತ್ತಿರದ ಚಿಪ್ಪಗಿರಿಯ ಗುಡ್ಡದ ಮೇಲೂ ಹಳೆಯ ಬಸದಿಯಿದೆ. ಹರಿದಾಸರಾದ ವಿಜಯದಾಸರು 1755ರಲ್ಲಿ ದೇಹವಿಟ್ಟ ಊರೂ ಅದೇ. ಒಂದು ಕಾಲಕ್ಕೆ ಈ ಎರೆನೆಲದಲ್ಲಿ ಜಿನನಾಮ ಎಷ್ಟು ದಟ್ಟವಾಗಿ ಕೇಳಿಸುತ್ತಿತ್ತೋ! ಬಸದಿಯೊಳಗೆ ಕಾಲಿಡುವಾಗ ತಾಯಿಯವರು ಎಂದಿನಂತೆ "ನಿಸ್ಸಹಿ, ನಿಸ್ಸಹಿ, ನಿಸ್ಸಹಿ" ಎಂದರು. ಹಿರಿಯ ಮೊಮ್ಮಗಳು, "ಯಾಕಜ್ಜಿ ಹಾಗಂತಾರೆ?" ಎಂದು ಕೇಳಿದಳು. "ಆಮ್ಯಾಲೆ ಹೇಳ್ತೀನಿ, ಮೊದಲು ದರ್ಶನ ಮಾಡು" ಎಂದರು ಅವರು. ಆ ಪ್ರಶ್ನೆ ನಮ್ಮ ಜೊತೆಗೇ ಗಾಡಿ ಹತ್ತಿತು.

ಮಧ್ಯಾಹ್ನದ ಊಟ ಅಲ್ಲಿಯೇ ಮುಗಿಸಿ, ತುಂಗಭದ್ರೆಯ ದಂಡೆಯ ಮಂತ್ರಾಲಯವನ್ನು ಹೊತ್ತು ಇಳಿಯುವ ಮೊದಲು ತಲುಪಿದೆವು. ಹೊಳೆಯಾಚೆ ಕಾಣುವುದು ಕರ್ನಾಟಕದ ರಾಯಚೂರು ಜಿಲ್ಲೆ. ಎಲ್ಲರೂ ಈ ಊರನ್ನು ಬಲ್ಲದ್ದು ಶ್ರೀ ರಾಘವೇಂದ್ರ ಸ್ವಾಮಿಗಳ ಬೃಂದಾವನದಿಂದ. ಆದರೆ ಊರಿನ ಮೂಲ ಹೆಸರು ಮಂಚಾಲೆ. ಆ ಹೆಸರಿಗೆ ಗ್ರಾಮದೇವತೆ ಮಂಚಾಲಮ್ಮನೇ ಒಡತಿ. ಮಠದ ಮುಂಭಾಗದಲ್ಲಿ ಆಕೆಯ ಚಿಕ್ಕ ಗುಡಿಯಿದೆ. ಬಂದ ಭಕ್ತರು ಮೊದಲು ಈ ತಾಯಿಗೆ ಕೈಮುಗಿದು ಆನಂತರವೇ ರಾಯರ ದರ್ಶನಕ್ಕೆ ಹೋಗಬೇಕೆಂಬುದು ಕ್ಷೇತ್ರದ ಪದ್ಧತಿ. ಅಷ್ಟು ದೊಡ್ಡ ಮಠ, ಅಷ್ಟು ಜನಸಂದಣಿ. ಆದರೆ ಮೊದಲ ನಮಸ್ಕಾರ ಹಳ್ಳಿಯ ಈ ಅಮ್ಮನಿಗೆ. ನಮ್ಮ ಕುತೂಹಲ ಕೆರಳಿದ್ದು ಇಲ್ಲಿಯೇ.

ತಾಯಿಯ ಸುತ್ತ ಹೆಣೆದುಕೊಂಡ ಕಥೆಗಳನ್ನು ಅಲ್ಲಿಯ ಭಕ್ತರು ಹೀಗೆ ಹೇಳುತ್ತಾರೆ. ಕೃತಯುಗದಲ್ಲಿ ಭಕ್ತ ಪ್ರಹ್ಲಾದನು ಯಜ್ಞ ಮಾಡಿದ ನೆಲವಿದು. ದ್ವಾಪರದಲ್ಲಿ ಅಶ್ವಮೇಧದ ಕುದುರೆಯ ಹಿಂದೆ ಬಂದ ಅರ್ಜುನನನ್ನು ಅನುಸಾಲ್ವನೆಂಬ ರಾಜ ಇಲ್ಲಿ ಎದುರಿಸಿದ. ಎಷ್ಟು ಬಾಣ ಬಿಟ್ಟರೂ ಅನುಸಾಲ್ವ ಸೋಲಲಿಲ್ಲ. ಅವನ ರಥ ನಿಂತ ನೆಲದ ಮಹಿಮೆಯೇ ಅದಕ್ಕೆ ಕಾರಣವೆಂದು ತಿಳಿದ ಕೃಷ್ಣನು ಅರ್ಜುನನ ರಥವನ್ನು ಹಿಂದೆ ಸರಿಸಿದ. ಬೆನ್ನಟ್ಟಿ ಬಂದ ಅನುಸಾಲ್ವ ಆ ನೆಲ ಬಿಟ್ಟೊಡನೆ ಸೋತ. ಇಂಥ ನೆಲವನ್ನು ಕಾಯುತ್ತಿದ್ದವಳು ಮಂಚಾಲಮ್ಮ. ಪಾರ್ವತಿಯ ರೂಪವೆಂದು ಜನ ನಂಬುತ್ತಾರೆ.

ಮುಂದಿನ ಕಥೆ 17ನೆಯ ಶತಮಾನದ್ದು. ಆಗ ಆದವಾನಿಯ ಅಧಿಕಾರ ಬಿಜಾಪುರದ ಪರವಾಗಿ ಸಿದ್ದಿ ಮಸೂದ್ ಖಾನನ ಕೈಯಲ್ಲಿತ್ತು. ಆದವಾನಿಯ ಜಾಮಿಯಾ ಮಸೀದಿ ಅವನು ಕಟ್ಟಿಸಿದ್ದೇ. ಓದುಬರಹ ಬಾರದ ವೆಂಕಣ್ಣನೆಂಬ ಹುಡುಗ ರಾಯರ ಅನುಗ್ರಹದಿಂದ ಓಲೆಯೊಂದನ್ನು ಓದಿ ಹೇಳಿ ಆದವಾನಿಯ ದಿವಾನನಾದನಂತೆ. ಅವನ ಮೂಲಕ ರಾಯರ ಹೆಸರು ಕೇಳಿದ ನವಾಬ, ಪರೀಕ್ಷಿಸಲೆಂದು ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ಮಾಂಸವನ್ನಿಟ್ಟು ಕಾಣಿಕೆಯೆಂದು ತರಿಸಿದ. ರಾಯರು ತೀರ್ಥ ಪ್ರೋಕ್ಷಿಸಿ ಬಟ್ಟೆ ಸರಿಸಿದಾಗ ತಟ್ಟೆಯ ತುಂಬ ಹೂವು ಹಣ್ಣು. ನಾಚಿದ ನವಾಬ ಫಲವತ್ತಾದ ಗ್ರಾಮವನ್ನು ಕೊಡಲು ಬಂದ. ರಾಯರು ಬೇಡಿದ್ದು ಮಾತ್ರ ಬರಡು ಮಂಚಾಲೆಯನ್ನು. ಆ ಊರನ್ನು ಆಗಲೇ ಒಬ್ಬ ಖಾಜಿಗೆ ಇನಾಮು ಬಿಟ್ಟಿತ್ತೆಂದೂ ಅವನನ್ನು ಒಪ್ಪಿಸಿದ ಮೇಲೆಯೇ ಗ್ರಾಮ ಮಠಕ್ಕೆ ಬಂತೆಂದೂ ಹೇಳುವವರಿದ್ದಾರೆ.

ಸನ್ನದು ಕೈಗೆ ಬಂತು. ಇನ್ನು ಕೇಳುವವರು ಯಾರು? ಆದರೆ ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ರಾಯರು ಊರಿಗೆ ಬಂದು ಮಂಚಾಲಮ್ಮನ ಮುಂದೆ ನಿಂತು, ಇಲ್ಲಿ ನೆಲೆಸಲು ಅಪ್ಪಣೆ ಬೇಡಿದರು. ನೀನು ಇಲ್ಲಿ ನೆಲೆಸಿದರೆ ಜನ ನಿನ್ನನ್ನೇ ಅರಸಿ ಬರುತ್ತಾರೆ, ನನ್ನನ್ನು ಮರೆಯುತ್ತಾರೆ ಎಂಬುದು ತಾಯಿಯ ಅಳಲು. ನಿನ್ನನ್ನು ಕಂಡ ಮೇಲೆಯೇ ನನ್ನನ್ನು ಕಾಣಲಿ ಎಂಬುದು ರಾಯರ ಉತ್ತರ. ಮಾಧವರದ ಬಳಿಯಿಂದ ತಂದ ಬಂಡೆಯಲ್ಲಿ ಬೃಂದಾವನ ಸಿದ್ಧವಾಗಿ, 1671ರ ಶ್ರಾವಣ ಬಹುಳ ಬಿದಿಗೆಯಂದು ಅವರು ಸಶರೀರರಾಗಿ ಪ್ರವೇಶಿಸಿದರೆಂದು ಮಾಧ್ವರ ನಂಬಿಕೆ. ಮೂರೂವರೆ ಶತಮಾನ ಕಳೆದಿದೆ. ಕೊಟ್ಟ ಮಾತು ಇಂದಿಗೂ ನಡೆದು ಬಂದಿದೆ.

ಪವಾಡಗಳನ್ನು ನಂಬುವುದು ಬಿಡುವುದು ಅವರವರ ಭಾವಕ್ಕೆ ಸೇರಿದ್ದು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಅಧಿಕಾರದಲ್ಲಿದ್ದವನ ಕಾಗದ ಕೈಯಲ್ಲಿದ್ದರೂ, ಮೊದಲಿನಿಂದ ಅಲ್ಲಿದ್ದವಳನ್ನು ಕೇಳಬೇಕೆಂದು ಆ ಯತಿಗೆ ತೋರಿತು.

ಗುಡಿಯ ಮುಂದೆ ತಾಯಿಯವರು ಒಂದು ಕ್ಷಣ ತಡೆದು ನಿಂತರು. ನಾವೂ ಅಳುಕಿದೆವು. ಗ್ರಾಮದೇವತೆಯೆಂದರೆ ಕುರಿ ಕೋಳಿಯ ಬಲಿ ನಮ್ಮ ಕಣ್ಣ ಮುಂದೆ ಬರುತ್ತದೆ. ಈ ಸೀಮೆಯಲ್ಲಿ ಅಂಥ ಜಾತ್ರೆಗಳಿಗೆ ಕೊರತೆಯಿಲ್ಲ. ಹೊಳಗುಂದದ ಬಳಿಯ ದೇವರಗಟ್ಟಿನಲ್ಲಿ ದಸರೆಯ ರಾತ್ರಿ ನಡೆಯುವ ಬನ್ನಿ ಉತ್ಸವವನ್ನು ಪತ್ರಿಕೆಗಳಲ್ಲಿ ಓದದವರಿಲ್ಲ. ಮಾಳಮ್ಮ ಮತ್ತು ಮಲ್ಲೇಶ್ವರ ಸ್ವಾಮಿಯ ಉತ್ಸವಮೂರ್ತಿಗಳಿಗಾಗಿ ಹಳ್ಳಿಹಳ್ಳಿಯ ಜನ ದೊಣ್ಣೆ ಹಿಡಿದು ಹೊಡೆದಾಡುತ್ತಾರೆ. ತಲೆ ಒಡೆದವರ ಸುದ್ದಿ ವರ್ಷ ವರ್ಷವೂ ಬರುತ್ತದೆ. ದೇವರ ಕೈಯಲ್ಲಿ ಸತ್ತ ಮಣಿ, ಮಲ್ಲಾಸುರರೆಂಬ ರಾಕ್ಷಸರು ಸಾಯುವ ಮೊದಲು ನರರಕ್ತ ಕೇಳಿದರಂತೆ. ಅದಕ್ಕೆ ಪೂಜಾರಿ ತನ್ನ ತೊಡೆಯಿಂದ ತುಸು ರಕ್ತ ತೆಗೆದು ಅರ್ಪಿಸುತ್ತಾನೆ. ಕಥೆಯೊಳಗೂ ಮನುಷ್ಯರು ಹಿಂಸೆಯನ್ನು ಕಡಿಮೆ ಮಾಡಲು ದಾರಿ ಹುಡುಕಿದ್ದಾರೆ ಎನ್ನಬಹುದು. ಆದರೆ ದೊಣ್ಣೆ ಮಾತ್ರ ನಿಂತಿಲ್ಲ. ಅಹಿಂಸೆಯನ್ನು ಪರಮಧರ್ಮವೆಂದು ತಿಳಿದವರು ಅದನ್ನು ಸರಿಯೆನ್ನಲಾರರು.

ಮಂಚಾಲಮ್ಮನ ಗುಡಿಯಲ್ಲಿ ನಾವು ಕಂಡದ್ದು ಅರಿಶಿನ, ಕುಂಕುಮ, ಹೂವು, ತೆಂಗಿನಕಾಯಿ, ಸೀರೆ ಕುಪ್ಪಸ. ಬಂದ ಹೆಂಗಸರು ಮಗುವಿನ ಹಣೆ ಮುಟ್ಟಿಸಿ ಮುಂದೆ ಸಾಗುತ್ತಿದ್ದರು. ತಾಯಿಯವರು ಒಳಗೆ ಹೋಗಿ ಸುಮ್ಮನೆ ಕೈಮುಗಿದು ಬಂದರು. ಹೊರಗೆ ಬಂದ ಮೇಲೆ, "ಆರಾಧನೆ ವೀತರಾಗನಿಗೆ. ಆದರೆ ಇನ್ನೊಬ್ಬರ ಮನಿಗೆ ಬಂದಾಗ ಮನಿ ಹಿರ್ಯಾಕಿಗೆ ಶರಣು ಅನ್ನಲಾರದೆ ಒಳಗ ಹೋದ್ರ ಅದು ನಡತಿ ಅಲ್ಲ" ಎಂದರು. ನಮ್ಮಲ್ಲಿಯೂ ಹೊಂಬುಜದಲ್ಲಿ ಪದ್ಮಾವತಿಯನ್ನು, ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯನ್ನು ಗೌರವಿಸುವುದಿಲ್ಲವೇ? ಅವರು ಶಾಸನದೇವತೆಯರು, ಜಿನನ ಸ್ಥಾನ ಬೇರೆ, ಅವರ ಸ್ಥಾನ ಬೇರೆ ಎಂಬುದನ್ನು ಮರೆಯದೆಯೇ ಗೌರವಿಸುತ್ತೇವೆ.

ರಾಯರ ಬೃಂದಾವನದ ದರ್ಶನಕ್ಕೆ ನಾವೂ ಮಗನೂ ಅಂಗಿ ತೆಗೆದು ಸಾಲಿನಲ್ಲಿ ನಿಂತೆವು. ಸಾಲು ನಿಧಾನವಾಗಿ ಸರಿಯುತ್ತಿದ್ದಾಗ ಮಗನಿಗೆ ಥಾಮಸ್ ಮನ್ರೋ ಕಥೆ ಹೇಳಿದೆವು. 1800ರಿಂದ 1807ರವರೆಗೆ ಈ ಸೀಮೆಯ ಪ್ರಧಾನ ಕಲೆಕ್ಟರನಾಗಿದ್ದವನು. ಮಠದ ಇನಾಮು ಭೂಮಿಯನ್ನು ಸರ್ಕಾರ ಹಿಂತೆಗೆದುಕೊಳ್ಳುವ ಪ್ರಶ್ನೆ ಬಂದಾಗ ತಾನೇ ಬಂದು, ಬೂಟು ಟೋಪಿ ತೆಗೆದು ಒಳಗೆ ನಿಂತು, ಬೇರೆ ಯಾರಿಗೂ ಕಾಣದ ರಾಯರೊಡನೆ ಮಾತನಾಡಿದನೆಂದೂ, ಮಂತ್ರಾಕ್ಷತೆ ಪಡೆದು ಇನಾಮನ್ನು ಉಳಿಸಿದನೆಂದೂ ಪ್ರಸಿದ್ಧ ಕಥೆ. ಆಮೇಲೆ ಮದರಾಸಿನ ಗವರ್ನರನಾದ ಮನ್ರೋ 1827ರ ಜುಲೈನಲ್ಲಿ ಪ್ರವಾಸದಲ್ಲಿದ್ದಾಗ ಇದೇ ಜಿಲ್ಲೆಯ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಮಗ ಕಥೆಯನ್ನು ಕೇಳಿ, "ಅವನೂ ಕಾಗದ ನೋಡಿ ತೀರ್ಮಾನ ಮಾಡಬಹುದಿತ್ತು" ಎಂದ. ಅಷ್ಟೇ ಅಂದು ಸುಮ್ಮನಾದ. ನಾವು ಮಾತು ಬೆಳೆಸಲಿಲ್ಲ.

ಸಂಜೆಯ ಊಟವನ್ನು ಹೊತ್ತು ಮುಳುಗುವ ಮೊದಲೇ ಮುಗಿಸಿ ಹೊಳೆಯ ಮೆಟ್ಟಿಲ ಮೇಲೆ ಕುಳಿತೆವು. ನೀರು ಮೊಣಕಾಲಿನಷ್ಟು, ಬಂಡೆಗಳ ನಡುವೆ ಹರಿಯುತ್ತಿತ್ತು. 2009ರ ಅಕ್ಟೋಬರ್ ಮೊದಲ ವಾರದಲ್ಲಿ ಇದೇ ಹೊಳೆ ಉಕ್ಕಿ ಮಠವನ್ನೂ ಊರನ್ನೂ ಮುಳುಗಿಸಿತ್ತೆಂದರೆ ಮಕ್ಕಳು ನಂಬಲೊಲ್ಲರು. ಯಾತ್ರಿಕರು ಮಹಡಿಗಳ ಮೇಲೆ ಸಿಕ್ಕಿಕೊಂಡಿದ್ದರು. ನೀರು ಇಳಿದ ಮೇಲೆ ಕೆಸರು ತೆಗೆದು ಮತ್ತೆ ಎಲ್ಲವನ್ನೂ ನಿಲ್ಲಿಸಿದರು.

ಮೊಮ್ಮಗಳು ಬೆಳಗಿನ ಪ್ರಶ್ನೆ ಮರೆತಿರಲಿಲ್ಲ. "ನಿಸ್ಸಹಿ ಅಂದರೇನು ಹೇಳಜ್ಜಿ." ತಾಯಿಯವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಕೊಡುತ್ತಿದ್ದೇವೆ. ನಮ್ಮ ಮುನಿಗಳಿಗೆ ಸ್ವಂತ ಮನೆಯಿಲ್ಲ. ಗುಹೆಯೋ, ಪಾಳು ಮಂಟಪವೋ, ಮರದ ಬುಡವೋ, ಎಲ್ಲಿ ತಂಗಿದರೂ ಒಳಗೆ ಕಾಲಿಡುವಾಗ ನಿಸ್ಸಹಿ ಎನ್ನುತ್ತಾರೆ. ಅಲ್ಲಿ ಮೊದಲೇ ವಾಸವಾಗಿರುವ ವ್ಯಂತರಾದಿ ದೇವತೆಗಳ ಅನುಮತಿ ಕೇಳಿ ಒಳಗೆ ಹೋಗುವುದು, ಬಿಟ್ಟು ಹೊರಡುವಾಗ ಅಸಹಿ ಎಂದು ಹೇಳಿ ಹೊರಡುವುದು ಮುನಿಗಳ ಆಚಾರ. ಮೂಲಾಚಾರದಲ್ಲಿ ಇದರ ವಿವರಣೆಯಿದೆ. ಕಣ್ಣಿಗೆ ಕಾಣದವರನ್ನೂ ಕೇಳದೆ ಅವರ ಜಾಗಕ್ಕೆ ಹೋಗಬಾರದು. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಕಳ್ಳತನವೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ತಿಳಿಸುತ್ತದೆ. ಅಲ್ಲಿಯೇ ಅಚೌರ್ಯ ವ್ರತವನ್ನು ದೃಢಪಡಿಸುವ ಐದು ಭಾವನೆಗಳಲ್ಲಿ, ತಾನು ತಂಗಿದ ಜಾಗಕ್ಕೆ ಬರುವ ಇನ್ನೊಬ್ಬರನ್ನು ತಡೆಯದಿರುವುದೂ ಒಂದು.

"ಹಂಗಾದ್ರ ರಾಯರು ಮಂಚಾಲಮ್ಮಗ ನಿಸ್ಸಹಿ ಅಂದಂಗಾಯ್ತಲ್ಲ" ಎಂದಳು ಮೊಮ್ಮಗಳು. ತಾಯಿಯವರು ನಕ್ಕು ಅವಳ ತಲೆ ನೇವರಿಸಿದರು. ಮಗ ಹೊಳೆಯ ಕಡೆ ನೋಡುತ್ತಾ ಕುಳಿತಿದ್ದ.

ಓದುಗ ಬಂಧುಗಳೇ, ನಾವು ವರ್ತಕರು. ಯಾವ ಊರಿನಲ್ಲಿ ಅಂಗಡಿ ಇಟ್ಟರೂ ನಮ್ಮಲ್ಲಿ ಬಹುತೇಕರು ಅಲ್ಲಿಗೆ ಹೊರಗಿನಿಂದ ಬಂದವರೇ. ಯಾರೋ ಒಬ್ಬರು ಕಟ್ಟೆಯ ಮೇಲೆ ಜಾಗ ಕೊಟ್ಟದ್ದಕ್ಕೆ ನಮ್ಮ ಅಜ್ಜ ಮೊದಲು ಬಟ್ಟೆಯ ಗಂಟು ಬಿಚ್ಚಿದ್ದರು. ಆ ಕಟ್ಟೆಗೆ ಕಾಗದವಿರಲಿಲ್ಲ. ಈ ಮಾತನ್ನು ಮಗನಿಗೆ ಹೇಳಬೇಕೆಂದು ನಾವು ರಾತ್ರಿಯೆಲ್ಲ ಅಂದುಕೊಂಡೆವು. ಬೆಳಗ್ಗೆ ಅವನೇ ಗಾಡಿಯಲ್ಲಿ, "ಊರಿಗೆ ಹೋದ ಮೇಲೆ ಅಜ್ಜಿ ಹತ್ರ ನಾನೇ ಮಾತಾಡ್ತೀನಿ ಅಪ್ಪಾಜಿ, ನೀವು ಬರಬೇಡಿ" ಎಂದ. ಏನು ಮಾತಾಡುತ್ತಾನೋ ಎಂಬ ಆತಂಕ ನಮಗೆ ಬಳ್ಳಾರಿ ಮುಟ್ಟುವವರೆಗೂ ಇತ್ತು.

ಮರುದಿನ ಅಂಗಡಿಯ ಗಲ್ಲೆಯ ಮೇಲೆ ಕುಳಿತೇ ಕಿವಿಗೊಟ್ಟು ಕೇಳಿದೆವು. ಮಗ ಕಟ್ಟೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, "ಅವ್ವಾ, ಮಳಿಗಿ ನಾವು ತಗೊಂಡೀವಿ. ಮುಂದ ಗಾಜು ಹಾಕಸಬೇಕಂತ ಅದೀನಿ. ನಿನಗ ಹ್ಯಾಂಗ ಅನುಕೂಲ, ಹೇಳು" ಎಂದ. ಅಜ್ಜಿ ಬಹಳ ಹೊತ್ತು ಬಾಳೆಹಣ್ಣಿನ ಚಿಪ್ಪು ಹೊಂದಿಸುತ್ತಲೇ ಇದ್ದಳು. ಆಮೇಲೆ, "ಕೇಳಿದ್ಯಲ್ಲಪ್ಪಾ, ಸಾಕು. ಈ ಮೂಲಿ ಒಂದು ಬಿಡು. ಮಳಿಗಾಲಕ್ಕ ಮ್ಯಾಲೆ ಒಂದು ತಗಡು ಹಾಕಸು" ಎಂದಳು. ಧನ್ಯವಾದದ ಮಾತೇನೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಶೋಕೇಸು ಮೂರು ಅಡಿ ಚಿಕ್ಕದಾಯಿತು. ನಕ್ಷೆ ತಿದ್ದಿದ ಮೇಸ್ತ್ರಿ ಗೊಣಗಿದ. ಮಗನಿಗೂ ಒಳಗೊಳಗೆ ಸ್ವಲ್ಪ ಬೇಸರವಿದೆ ಎಂಬುದು ನಮಗೆ ಗೊತ್ತು. ಆದರೂ ಅವನು ಈಗ ಬೆಳಗ್ಗೆ ಅಂಗಡಿಯ ಬೀಗ ತೆಗೆಯುವ ಮುನ್ನ ಅಜ್ಜಿಯ ಬಳಿ ಎರಡು ಬಾಳೆಹಣ್ಣು ಕೊಳ್ಳುತ್ತಾನೆ. ಆಕೆಯ ಬೋಣಿಯಾದ ಮೇಲೆ ನಮ್ಮ ಬೋಣಿ.

ಯಾತ್ರೆ ಹೋಗುವವರಿಗೆ ಎರಡು ಮಾತು. ಮಂತ್ರಾಲಯಂ ರೋಡ್ ರೈಲು ನಿಲ್ದಾಣ ಗುಂತಕಲ್–ರಾಯಚೂರು ಮಾರ್ಗದಲ್ಲಿದೆ. ಅಲ್ಲಿಂದ ಕ್ಷೇತ್ರ ಸುಮಾರು 16 ಕಿಲೋಮೀಟರು. ಆದವಾನಿಯೂ ಅದೇ ಮಾರ್ಗದ ನಿಲ್ದಾಣ. ಶ್ರಾವಣದ ಆರಾಧನೆಯ ದಿನಗಳಲ್ಲಿ ವಿಪರೀತ ಜನಸಂದಣಿ, ನಮಗೂ ಅದು ಚಾತುರ್ಮಾಸದ ಕಾಲ. ಆದ್ದರಿಂದ ದೀಪಾವಳಿಯ ನಂತರ ಹೋಗುವುದು ಒಳ್ಳೆಯದು. ಪೆದ್ದ ತುಂಬಳದ ದರ್ಶನ ಮೊದಲು ಮುಗಿಸಿದರೆ ಮಂತ್ರಾಲಯಕ್ಕೆ ಹಗಲಿನಲ್ಲಿಯೇ ತಲುಪಬಹುದು. ಒಳಗೆ ಹೋಗುವ ಮುನ್ನ ಮುಂಭಾಗದ ಚಿಕ್ಕ ಗುಡಿಯ ಮುಂದೆ ಒಂದು ಕ್ಷಣ ನಿಲ್ಲಿ. ಮಕ್ಕಳಿಗೆ ಆ ತಾಯಿಯ ಕಥೆ ಹೇಳಿ, ಜೊತೆಗೆ ನಮ್ಮ ನಿಸ್ಸಹಿಯ ಅರ್ಥವನ್ನೂ ಹೇಳಿ.

ಜೈ ಜಿನೇಂದ್ರ.